ಆರೋಗ್ಯಕ್ಕೊಂದು ಬಟ್ಟಲು ಸೂಪು

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಊಟವನ್ನು ಬಲ್ಲುದೆಂದರೆ ಭಕ್ಷ್ಯಭೋಜ್ಯಗಳ ಪಟ್ಟಿಯನ್ನು ಬಲ್ಲುದಲ್ಲ. ಮನೆಯಲ್ಲಿ ಇರುವ ಸಾಮಗ್ರಿಯಿಂದ, ಇರುವಷ್ಟು ಸಮಯದಲ್ಲಿ, ಉಣ್ಣುವವರ ದೇಹಸ್ಥಿತಿಗೆ ಒಪ್ಪುವ ಆಹಾರವನ್ನು ಸಿದ್ಧಪಡಿಸುವುದೇ ಆ ಬಲ್ಲತನ. ಹುಟ್ಟೂರಿನಿಂದ ದೂರವಾಗಿ ಮುಂಬಯಿ, ಪುಣೆ, ದೆಹಲಿ, ಹೈದರಾಬಾದುಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಈ ಮಾತು ಹೆಚ್ಚು ಅನ್ವಯಿಸುತ್ತದೆ. ಅಲ್ಲಿ ಕಚೇರಿಯಿಂದ ಮನೆ ಸೇರುವಾಗ ರಾತ್ರಿ ಎಂಟಾಗಿರುತ್ತದೆ. ಮನೆಯಲ್ಲಿ ಜ್ವರದಿಂದ ಎದ್ದ ಮಗುವೋ, ಹಲ್ಲಿಲ್ಲದ ಅಜ್ಜಿಯೋ, 'ನನಗೇನೂ ಬೇಡ' ಎನ್ನುವ ವೃದ್ಧ ತಂದೆಯೋ ಇರುತ್ತಾರೆ. ಸಹಾಯಕ್ಕೆ ಬರುವ ನೆರೆಯ ಚಿಕ್ಕಮ್ಮ, ದೊಡ್ಡಮ್ಮಂದಿರು ನೂರಾರು ಮೈಲಿಗಳಾಚೆ ಇರುತ್ತಾರೆ. ಇಂತಹ ಹೊತ್ತಿನಲ್ಲಿ ಅರ್ಧ ಗಂಟೆಯೊಳಗೆ ಸಿದ್ಧವಾಗುವ ಕಾಯಿಪಲ್ಲೆಯ ಸೂಪು ಒಂದು ವರವೇ ಸರಿ. ಆದರೆ ಅದನ್ನು ತಯಾರಿಸುವ ಕ್ರಮವನ್ನೂ, ಅದರಿಂದ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನೂ ಸರಿಯಾಗಿ ತಿಳಿದಿರಬೇಕು.

ಹೆಸರು ಹೊಸದು, ವಸ್ತು ಹಳೆಯದು

ಸೂಪು ಪಾಶ್ಚಾತ್ಯರ ತಿನಿಸು, ಹೋಟೆಲಿನಲ್ಲಿ ಊಟಕ್ಕೆ ಮೊದಲು ಚಮಚದಿಂದ ಕುಡಿಯತಕ್ಕದ್ದು ಎಂಬ ಭಾವನೆ ಅನೇಕರಲ್ಲಿದೆ. ಸಂಸ್ಕೃತದಲ್ಲಿ 'ಸೂಪ' ಎಂದರೆ ಬೇಯಿಸಿದ ಬೇಳೆ, ತೊವ್ವೆ, 'ಸೂಪಕಾರ'ನೆಂದರೆ ಅಡಿಗೆಯವನು. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ ಪಾಕಗ್ರಂಥದ ಹೆಸರೇ 'ಸೂಪಶಾಸ್ತ್ರ'. ಆಯುರ್ವೇದದಲ್ಲಿ ಶೋಧನಚಿಕಿತ್ಸೆ ಮುಗಿದ ರೋಗಿಗೆ ಪೇಯ, ವಿಲೇಪಿ, ಯೂಷ ಎಂಬ ಕ್ರಮದಲ್ಲಿ ಗಂಜಿಯಿಂದ ತೊಡಗಿ ಬೇಳೆಯ ಕಟ್ಟಿನವರೆಗೆ ಹಂತಹಂತವಾಗಿ ಆಹಾರ ಕೊಡುವ ಪದ್ಧತಿಯಿದೆ. ಹೆಸರುಕಾಳಿನ ಯೂಷವೆಂದರೆ ಹೆಸರುಕಾಳಿನ ಸೂಪೇ ಹೊರತು ಬೇರೆಯಲ್ಲ.

ನಮ್ಮ ಮನೆಗಳಲ್ಲಂತೂ ಇದರ ಬಳಗವೇ ಇದೆ. ಹಳೆಯ ಮೈಸೂರಿನ ಕಡೆ ಸೊಪ್ಪು-ಕಾಳು ಬೇಯಿಸಿ ಬಸಿದ ನೀರಿನಿಂದ ಮಾಡುವ ಬಸ್ಸಾರು, ಉತ್ತರ ಕರ್ನಾಟಕದಲ್ಲಿ ಹೋಳಿಗೆಯ ದಿನ ಕಡಲೆಬೇಳೆ ಬಸಿದ ನೀರಿನ ಕಟ್ಟಿನ ಸಾರು, ಹುರುಳಿಯ ಕಟ್ಟು, ಮೆಣಸಿನ ಸಾರು ಇವೆಲ್ಲ ಸೂಪಿನ ಒಡಹುಟ್ಟುಗಳು. ಇಂಗ್ಲಿಷರು ಮದರಾಸಿನಲ್ಲಿ ಮೆಚ್ಚಿ 'ಮಲಿಗಟಾನಿ' ಎಂದು ಕರೆದ ಸೂಪಿನ ಹೆಸರು ತಮಿಳಿನ 'ಮಿಳಗು ತಣ್ಣೀರ್' ಎಂಬುದರಿಂದ ಬಂದದ್ದು. ಅದರ ಅರ್ಥ ಮೆಣಸಿನ ನೀರು ಎಂದಷ್ಟೆ. ಆದುದರಿಂದ ಸೂಪನ್ನು ಕಲಿಯುವುದೆಂದರೆ ಪರಕೀಯವಾದುದನ್ನು ಕಲಿಯುವುದಲ್ಲ. ಅಜ್ಜಿಯರ ಕಟ್ಟಿನ ಸಾರಿನಲ್ಲಿ ಹುಳಿ-ಖಾರವನ್ನು ಇಳಿಸಿ, ಕಾಯಿಪಲ್ಲೆಯನ್ನು ಏರಿಸುವುದು, ಅಷ್ಟೆ.

ಕುಂಡದಿಂದ, ಸಂತೆಯಿಂದ

ಊರಿನ ಮನೆಯ ಹಿತ್ತಿಲು ನಗರದ ಎರಡು ಕೋಣೆಯ ಮನೆಗೆ ಬರಲಾರದು. ಆದರೆ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಗ್ಯಾಲರಿಯೋ ತಾರಸಿಯೋ ಇದ್ದರೆ ಸೂಪಿಗೆ ಬೇಕಾದ ಸೊಪ್ಪು ಕುಂಡಗಳಲ್ಲೇ ಬೆಳೆಯುತ್ತದೆ. ಹರಿವೆ ಬಿತ್ತಿದ ಸುಮಾರು ಒಂದು ತಿಂಗಳಿಗೆ, ಎಳೆಯ ಮೆಂತ್ಯ ಇನ್ನೂ ಬೇಗ ಕೊಯ್ಲಿಗೆ ಬರುತ್ತದೆ. ಬಸಳೆಯ ಒಂದು ಬಲಿತ ದಂಟನ್ನು ನೆಟ್ಟರೆ ಸಾಕು, ಅದು ಕಿಟಕಿಯ ಕಂಬಿಯನ್ನೇ ಚಪ್ಪರ ಮಾಡಿಕೊಳ್ಳುತ್ತದೆ. ದೊಡ್ಡಪತ್ರೆ, ಪುದೀನಗಳೂ ದಂಟಿನಿಂದಲೇ ಬೆಳೆಯುತ್ತವೆ. ಕೊತ್ತಂಬರಿ ಬೀಜವನ್ನು ಮಾತ್ರ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ದೊಡ್ಡ ಡ್ರಮ್ಮಿನಲ್ಲಿ ನುಗ್ಗೆಯನ್ನು ನೆಟ್ಟು, ಆಳೆತ್ತರಕ್ಕೆ ಮೊದಲೇ ತುದಿಯನ್ನು ಚಿವುಟುತ್ತಿದ್ದರೆ ಕಾಯಿ ಬಾರದಿದ್ದರೂ ಎಳೆಯ ಸೊಪ್ಪು ವರ್ಷವಿಡೀ ಸಿಗುತ್ತದೆ. ವಾಹನಸಂಚಾರದ ರಸ್ತೆಯ ಪಕ್ಕದ ಮನೆಯವರು ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯುವುದು ಅವಶ್ಯ.

ಉಳಿದ ಕಾಯಿಪಲ್ಲೆ ಸಂತೆಯಿಂದ ಬರತಕ್ಕದ್ದು. ಹೆಸರು ಗೊತ್ತಿಲ್ಲದೆ ಹೊಸದಾಗಿ ಬಂದವರು ತೊಡಕಿಗೆ ಸಿಕ್ಕುವುದುಂಟು. ನಮ್ಮ ಸೋರೆಕಾಯಿ ಮುಂಬಯಿಯಲ್ಲಿ ದೂಧಿ, ದೆಹಲಿಯಲ್ಲಿ ಲೌಕಿ, ಚೆನ್ನೈಯಲ್ಲಿ ಸುರೈಕ್ಕಾಯ್, ಹೈದರಾಬಾದಿನಲ್ಲಿ ಸೊರಕಾಯ. ಸಿಹಿಕುಂಬಳ ಮರಾಠಿಯಲ್ಲಿ ಲಾಲ್ ಭೋಪಳಾ, ತಮಿಳಿನಲ್ಲಿ ಪರಂಗಿಕ್ಕಾಯ್. ನುಗ್ಗೆ ಶೇವಗಾ ಆಗುತ್ತದೆ, ಮುರುಂಗೈ ಆಗುತ್ತದೆ, ಮುನಗ ಆಗುತ್ತದೆ, ದೆಹಲಿಯ ಕಡೆ ಸಹಜನ್ ಆಗುತ್ತದೆ. ಋತುಮಾನದಲ್ಲಿ ಅಗ್ಗವಾಗಿ ಸಿಗುವ ತರಕಾರಿಯೇ ಸೂಪಿಗೆ ಉತ್ತಮ. ಉತ್ತರದಲ್ಲಿ ಚಳಿಗಾಲದ ಕೆಂಪು ಗಜ್ಜರಿ, ಬಟಾಣಿ. ಬೇಸಿಗೆಯಲ್ಲಿ ಎಲ್ಲೆಡೆ ಸೋರೆ, ಕುಂಬಳ. ಆಕಾರ ಕೆಟ್ಟ ಕಾಯಿಯೂ ಸೂಪಿಗೆ ಆದೀತು. ಕೊಳೆತದ್ದು, ಬೂಷ್ಟು ಹಿಡಿದದ್ದು ಆಗದು. ಹಸಿರು ಬಣ್ಣಕ್ಕೆ ತಿರುಗಿದ ಆಲೂಗಡ್ಡೆಯಲ್ಲಿ ಸೊಲನೈನ್ ಎಂಬ ವಿಷವಸ್ತು ಹೆಚ್ಚಿರುವುದರಿಂದ ಅದನ್ನು ಬಳಸಬಾರದು.

ಡಬ್ಬಿಗಳಲ್ಲಿ ಇರತಕ್ಕದ್ದು

ಸೂಪಿಗೆ ಅಂಗಡಿಯಿಂದ ವಿಶೇಷ ಸಾಮಗ್ರಿಯನ್ನು ತರಬೇಕಿಲ್ಲ. ಹೆಸರುಬೇಳೆ, ತೊಗರಿಬೇಳೆ, ರಾಗಿಹಿಟ್ಟು, ಕರಿಮೆಣಸು, ಜೀರಿಗೆ, ಅರಿಶಿನ, ಬೆಳ್ಳುಳ್ಳಿ, ಶುಂಠಿ, ತುಪ್ಪ ಅಥವಾ ಎಣ್ಣೆ, ಉಪ್ಪು, ಒಂದು ನಿಂಬೆಹಣ್ಣು ಇಷ್ಟಿದ್ದರೆ ಆಯಿತು. ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಕೆಲಸವಿದೆ. ಬೇಳೆ ಪ್ರೋಟೀನನ್ನು ಕೊಡುತ್ತದೆ, ಸೂಪಿಗೆ ಮೈಯನ್ನೂ ಕೊಡುತ್ತದೆ. ರಾಗಿ ಮಂದವಾಗಿಸುವುದರ ಜೊತೆಗೆ ಕ್ಯಾಲ್ಸಿಯಮ್ಮನ್ನು ಒದಗಿಸುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದು, ಅಕ್ಕಿ-ಗೋಧಿಗಳು ಅದರ ಹತ್ತಿರಕ್ಕೂ ಬಾರವು. ಮೆಣಸು, ಜೀರಿಗೆ, ಶುಂಠಿಗಳು ನಾಲಗೆಯ ರುಚಿಯನ್ನು ಎಚ್ಚರಿಸುವುದರಿಂದ ಉಪ್ಪನ್ನು ಕಡಿಮೆ ಮಾಡಲು ಸಹಾಯಕವಾಗುತ್ತವೆ.

ಮೂಲ ವಿಧಾನ

ನಾಲ್ವರಿಗೆ ಸಾಕಾಗುವ ಸೂಪಿಗೆ ಸೋರೆಕಾಯಿ ಅಥವಾ ಸಿಹಿಕುಂಬಳ 300 ಗ್ರಾಂ, ಒಂದು ಗಜ್ಜರಿ, ಒಂದು ಈರುಳ್ಳಿ, ಎರಡು ಟೊಮೇಟೊ, ಹೆಸರುಬೇಳೆ 60 ಗ್ರಾಂ, ಬೆಳ್ಳುಳ್ಳಿ ನಾಲ್ಕು ಎಸಳು, ಎಣ್ಣೆ ಅಥವಾ ತುಪ್ಪ ಎರಡು ಟೀ ಚಮಚ, ನೀರು ಒಂದು ಲೀಟರು ಬೇಕು.

ಪ್ರೆಷರ್ ಕುಕ್ಕರಿನಲ್ಲಿ ಎಣ್ಣೆ ಕಾಯಿಸಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಸಣ್ಣ ಉರಿಯಲ್ಲಿ ಮೆತ್ತಗಾಗುವವರೆಗೆ ಬಾಡಿಸಬೇಕು, ಕೆಂಪಗಾಗುವುದು ಬೇಡ. ತೊಳೆದ ಬೇಳೆ, ಹೆಚ್ಚಿದ ಸೋರೆ ಮತ್ತು ಗಜ್ಜರಿ, ಚಿಟಿಕೆ ಅರಿಶಿನ, ಮುಕ್ಕಾಲು ಭಾಗ ನೀರು ಸೇರಿಸಿ ಮೂರು ಸೀಟಿ ಕೂಗಿಸಬೇಕು. ಒತ್ತಡ ತಾನಾಗಿ ಇಳಿದ ಮೇಲೆ ಮುಚ್ಚಳ ತೆರೆದು, ಹೆಚ್ಚಿದ ಟೊಮೇಟೊ ಹಾಕಿ ಇನ್ನೂ ಐದಾರು ನಿಮಿಷ ಕುದಿಸಬೇಕು. ಅನಂತರ ಕಡಗೋಲಿನಿಂದಲೋ ಸೌಟಿನ ಹಿಂಬದಿಯಿಂದಲೋ ಚೆನ್ನಾಗಿ ಮಸೆದು, ಉಳಿದ ನೀರನ್ನು ಬಿಸಿಮಾಡಿ ಬೆರೆಸಿ, ಮುಕ್ಕಾಲು ಟೀ ಚಮಚ ಉಪ್ಪು ಹಾಕಿ ಒಂದು ಕುದಿ ಬರಿಸಿ ಇಳಿಸಬೇಕು. ಹುರಿದು ಪುಡಿಮಾಡಿದ ಮೆಣಸು-ಜೀರಿಗೆ, ಹೆಚ್ಚಿದ ಕೊತ್ತಂಬರಿ, ಅರ್ಧ ನಿಂಬೆಯ ರಸ ಇವನ್ನು ಒಲೆಯಿಂದ ಇಳಿಸಿದ ಮೇಲೆಯೇ ಸೇರಿಸತಕ್ಕದ್ದು. ಮಿಕ್ಸರಿನಲ್ಲಿ ಅರೆಯುವುದಾದರೆ ಸೂಪು ಆರಿರಬೇಕು. ಬಿಸಿ ದ್ರವವನ್ನು ಮುಚ್ಚಿದ ಜಾರಿನಲ್ಲಿ ತಿರುಗಿಸಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಕೈ-ಮುಖ ಸುಟ್ಟುಕೊಳ್ಳುವ ಅಪಾಯವಿದೆ.

ಈ ಕ್ರಮಕ್ಕೆ ಕಾರಣಗಳು

ಟೊಮೇಟೊವನ್ನು ಮೊದಲೇ ಹಾಕಬಾರದೇಕೆ? ಹುಳಿಯ ಸಂಪರ್ಕದಲ್ಲಿ ಬೇಳೆಯೂ ಗಡ್ಡೆಗಳೂ ಮೆತ್ತಗಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಬೋರ್‌ವೆಲ್ಲಿನ ಗಡಸುನೀರಿನಲ್ಲಿ ಬೇಳೆ ಬೇಯದಿರುವುದಕ್ಕೆ ಅದರಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕಾರಣ. ಆಗ ಬೇಳೆಯನ್ನು ಅರ್ಧ ಗಂಟೆ ನೆನೆಸಿ, ಎರಡು ಸೀಟಿ ಹೆಚ್ಚು ಕೂಗಿಸುವುದು ಲೇಸು. ಅಡಿಗೆ ಸೋಡ ಹಾಕಿದರೆ ಬೇಳೆ ಬೇಗ ಬೇಯುವುದು ನಿಜವಾದರೂ ಥಯಮಿನ್ ಎಂಬ ಬಿ ಜೀವಸತ್ವ ನಷ್ಟವಾಗುತ್ತದೆ, ಸೋಡಿಯಮ್ಮೂ ಹೆಚ್ಚುತ್ತದೆ.

ನಿಂಬೆರಸವನ್ನು ಕೊನೆಗೆ ಹಿಂಡುವುದು ರುಚಿಗಾಗಿ ಮಾತ್ರವಲ್ಲ. ಸಿ ಜೀವಸತ್ವ ಶಾಖಕ್ಕೆ ನಾಶವಾಗುತ್ತದೆ, ನೀರಿನಲ್ಲಿ ಕರಗಿಹೋಗುತ್ತದೆ. ಕುದಿಯುವ ಸೂಪಿನಲ್ಲಿ ಅದು ಉಳಿಯುವುದು ಕಡಿಮೆ. ಇಳಿಸಿದ ಮೇಲೆ ಹಿಂಡಿದ ನಿಂಬೆ ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ. ಅಲ್ಲದೆ ಸೊಪ್ಪು-ಬೇಳೆಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ಚಹ ಇದಕ್ಕೆ ವಿರುದ್ಧ. ಆದಕಾರಣ ಸೂಪು ಕುಡಿದ ಬೆನ್ನಿಗೇ ಚಹ ಕುಡಿಯುವುದು ಸರಿಯಲ್ಲ. ಗಜ್ಜರಿ, ಕುಂಬಳ, ಸೊಪ್ಪುಗಳಲ್ಲಿರುವ, ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುವ ಕ್ಯಾರೊಟೀನ್ ಕೊಬ್ಬಿನಲ್ಲಿ ಕರಗುವಂತಹದು. ಎರಡು ಚಮಚ ತುಪ್ಪವನ್ನು ದುಂದುವೆಚ್ಚವೆಂದು ಭಾವಿಸಬೇಕಿಲ್ಲ. ಅದಿಲ್ಲದೆ ಕ್ಯಾರೊಟೀನಿನ ಬಹುಭಾಗ ವ್ಯರ್ಥವಾದೀತು.

ತರಕಾರಿ ಬೇಯಿಸಿದ ನೀರನ್ನು ಚೆಲ್ಲುವ ಅಭ್ಯಾಸ ಪಲ್ಯ ಮಾಡುವಾಗ ಹಲವರಲ್ಲಿದೆ. ನೀರಿನಲ್ಲಿ ಕರಗುವ ಜೀವಸತ್ವಗಳೂ ಲವಣಗಳೂ ಆ ನೀರಿನೊಡನೆಯೇ ಹೊರಟುಹೋಗುತ್ತವೆ. ಬೆಂದ ನೀರೂ ಹೊಟ್ಟೆಗೇ ಸೇರುವುದು ಸೂಪಿನ ದೊಡ್ಡ ಗುಣ. ಹಾಗೆಂದಮೇಲೆ ಸೋಸಿ, ನಾರನ್ನು ಎಸೆದು, ತಿಳಿನೀರನ್ನಷ್ಟೇ ಬಡಿಸುವುದು ಅರ್ಧ ಆಸ್ತಿಯನ್ನು ಬಿಟ್ಟುಕೊಟ್ಟಂತೆ. ವೈದ್ಯರು ಹೇಳಿದ ಹೊರತು ಸೋಸಬಾರದು. ಮಲಬದ್ಧತೆ ಇರುವವರಿಗೂ ಮಧುಮೇಹಿಗಳಿಗೂ ಆ ನಾರು ಬಹಳ ಉಪಯುಕ್ತ.

ಇನ್ನು ಮೂರು ಬಗೆ

ನುಗ್ಗೆಸೊಪ್ಪಿನ ಸೂಪು: ತೊಗರಿಬೇಳೆಯನ್ನು ನುಣ್ಣಗೆ ಬೇಯಿಸಿ ಕಡೆದು, ಒಂದು ಲೀಟರಿನಷ್ಟು ತೆಳ್ಳಗೆ ಮಾಡಿ ಕುದಿಯಲಿಡಬೇಕು. ದಂಟಿನಿಂದ ಬಿಡಿಸಿದ ಎರಡು ಹಿಡಿ ಎಲೆಯನ್ನು ತುಪ್ಪದಲ್ಲಿ ಬಾಡಿಸಿ ಹಾಕಿ, ಮುಚ್ಚಳವಿಲ್ಲದೆ ಆರೇಳು ನಿಮಿಷ ಬೇಯಿಸಿದರೆ ಸಾಕು. ಹೆಚ್ಚು ಹೊತ್ತು ಬೇಯಿಸಿದರೆ ಹಸಿರು ಕಳೆದು ಕಂದುಬಣ್ಣ ಬರುತ್ತದೆ. ಹುಳಿಯಿಂದಲೂ ಹೀಗೆಯೇ ಆಗುವುದರಿಂದ ನಿಂಬೆಯನ್ನು ಬಟ್ಟಲಿಗೆ ಬಡಿಸಿದ ಮೇಲೆ ಹಿಂಡಬೇಕು.

ಟೊಮೇಟೊ-ರಾಗಿ ಸೂಪು: ಆರು ಟೊಮೇಟೊ, ಒಂದು ಗಜ್ಜರಿ, ಒಂದು ಈರುಳ್ಳಿ ಬೇಯಿಸಿ ಮಸೆಯಬೇಕು. ಒಂದೂವರೆ ಚಮಚ ರಾಗಿಹಿಟ್ಟನ್ನು ಅರ್ಧ ಬಟ್ಟಲು ತಣ್ಣೀರಿನಲ್ಲಿ ಕದಡಿ, ಕುದಿಯುವ ಸೂಪಿಗೆ ಕೈಯಾಡಿಸುತ್ತ ಸುರಿಯಬೇಕು. ಒಣಹಿಟ್ಟನ್ನು ನೇರವಾಗಿ ಬಿಸಿಗೆ ಹಾಕಿದರೆ ಹೊರಗಿನ ಪಿಷ್ಟ ಕೂಡಲೇ ಬೆಂದು ಅಂಟಾಗಿ, ಒಳಗಿನ ಹಿಟ್ಟಿಗೆ ನೀರು ಹೋಗದಂತೆ ತಡೆಯುತ್ತದೆ. ಗಂಟುಗಳಾಗುವುದು ಇದರಿಂದಲೇ. ಹಸಿಹಿಟ್ಟಿನ ವಾಸನೆ ಹೋಗಲು ಐದು ನಿಮಿಷ ಕುದಿ ಬೇಕು. ಟೊಮೇಟೊಗೆ ಕೆಂಪು ಬಣ್ಣ ನೀಡುವ ಲೈಕೊಪೀನ್ ಎಂಬ ವಸ್ತು ಹಸಿಯ ಹಣ್ಣಿಗಿಂತ ಬೇಯಿಸಿದ ಹಣ್ಣಿನಿಂದಲೇ ದೇಹಕ್ಕೆ ಸುಲಭವಾಗಿ ದೊರೆಯುತ್ತದೆ.

ಸಿಪ್ಪೆ-ದಂಟಿನ ಸೂಪು: ಕೊತ್ತಂಬರಿಯ ದಂಟು, ಎಳೆಯ ಬಟಾಣಿಯ ಸಿಪ್ಪೆ, ಸೊಪ್ಪಿನ ಎಳೆದಂಟು ಇವನ್ನು ಚೆನ್ನಾಗಿ ತೊಳೆದು ಇಪ್ಪತ್ತು ನಿಮಿಷ ಕುದಿಸಿ ಸೋಸಿದ ನೀರು ಬೇರೆ ಸೂಪುಗಳಿಗೆ ಒಳ್ಳೆಯ ಆಧಾರವಾಗುತ್ತದೆ. ಎಲೆಕೋಸು, ಹೂಕೋಸುಗಳ ದಂಟನ್ನು ದೀರ್ಘಕಾಲ ಕುದಿಸಿದರೆ ಗಂಧಕದ ವಾಸನೆ ಬರುವುದರಿಂದ ಅವು ಇದಕ್ಕೆ ಹೊಂದವು.

ಬಟ್ಟಲಿನ ಜಮಾ-ಖರ್ಚು

ಸೂಪಿನ ವಿಷಯದಲ್ಲಿ ಮನೆಮನೆಗಳಲ್ಲಿ ನಡೆಯುವ ದೊಡ್ಡ ತಪ್ಪು ಒಂದಿದೆ. ರೋಗಿಗೆ 'ಹಗುರವಾದ ಆಹಾರ' ಕೊಡಬೇಕೆಂದು ದಿನಗಟ್ಟಲೆ ತಿಳಿಸೂಪನ್ನೇ ಕುಡಿಸುವುದು ಆ ತಪ್ಪು. ಹೊಟ್ಟೆ ತುಂಬಿದಂತೆ ತೋರುತ್ತದೆ, ರೋಗಿಯೂ ಸಾಕೆನ್ನುತ್ತಾನೆ, ಮನೆಯವರಿಗೂ ಸಮಾಧಾನವಾಗುತ್ತದೆ. ಆದರೆ ಶರೀರ ಮಾತ್ರ ದಿನೇದಿನೇ ಸೊರಗುತ್ತದೆ. ಅಂಕಿಗಳನ್ನು ನೋಡಿದರೆ ಇದು ಸ್ಪಷ್ಟವಾಗುವುದು.

ಮೇಲೆ ಹೇಳಿದ ಮೂಲ ವಿಧಾನದ ಸೂಪಿನಲ್ಲಿ ಬೇಳೆ, ತರಕಾರಿ, ಎಣ್ಣೆ ಎಲ್ಲ ಸೇರಿ ಒಟ್ಟು 400 ಕ್ಯಾಲೊರಿಯ ಸುಮಾರಿಗೆ ಬರುತ್ತದೆ. ನಾಲ್ವರಿಗೆ ಹಂಚಿದರೆ ಒಬ್ಬರಿಗೆ 100. ನೂರು ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇರುವುದರಿಂದ 60 ಗ್ರಾಂ ಬೇಳೆಯಿಂದ ತಲಾ ಮೂರೂವರೆ ಗ್ರಾಂ ದೊರೆಯಿತು. ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ. ಅರವತ್ತು ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ. ಐವತ್ತು ಬೇಕಾದಲ್ಲಿ ಒಂದು ಬಟ್ಟಲು ಸೂಪು ಮೂರೂವರೆಯನ್ನಷ್ಟೇ ಜಮಾ ಮಾಡುತ್ತದೆ! ಬೇಳೆಯಿಲ್ಲದೆ ಸೋಸಿದ ತಿಳಿಸೂಪಾದರೆ ಅದೂ ಇಲ್ಲ. ಕಾಯಿಲೆಯಿಂದ ಚೇತರಿಸಿಕೊಳ್ಳುವ ಶರೀರಕ್ಕಾದರೋ ಪ್ರೋಟೀನಿನ ಅವಶ್ಯಕತೆ ಮಾಮೂಲಿಗಿಂತ ಹೆಚ್ಚು.

ಇದರಿಂದ ಸೂಪು ನಿರುಪಯುಕ್ತವೆಂದು ತಿಳಿಯಬಾರದು. ಅದನ್ನು ಬಲಪಡಿಸಬೇಕೆಂದು ತಿಳಿಯಬೇಕು. ರೋಗಿಯ ಬಟ್ಟಲಿಗೆ ಒಬ್ಬರಿಗೇ 30 ಗ್ರಾಂ ಬೇಳೆ ಹಾಕಿದರೆ ಪ್ರೋಟೀನ್ ಏಳು ಗ್ರಾಮಿಗೇರುತ್ತದೆ. ಹಿಸುಕಿದ ಆಲೂಗಡ್ಡೆ ಅಥವಾ ಮೆತ್ತಗೆ ಬೆಂದ ಅನ್ನ, ಒಂದು ಚಮಚ ತುಪ್ಪ, ಪುಡಿಮಾಡಿದ ಪನೀರ್ ಇವನ್ನು ಬೆರೆಸಬಹುದು. ಮೊಟ್ಟೆ ತಿನ್ನುವವರು ಕಡೆದ ಮೊಟ್ಟೆಯನ್ನು ಕುದಿಯುವ ಸೂಪಿಗೆ ಎಳೆಯಾಗಿ ಸುರಿದು ಪೂರ್ತಿ ಬೇಯಿಸಬಹುದು. ಊಟಕ್ಕೆ ಮೊದಲು ದೊಡ್ಡ ಬಟ್ಟಲು ಸೂಪು ಕುಡಿದರೆ ಹಸಿವು ಇಂಗುತ್ತದೆ. ತೂಕ ಇಳಿಸಬೇಕಾದವರಿಗೆ ಇದು ಲಾಭ; ತೂಕ ಕಳೆದುಕೊಳ್ಳುತ್ತಿರುವ ವೃದ್ಧರಿಗೆ ಇದೇ ನಷ್ಟ. ಅವರಿಗೆ ಬಲಪಡಿಸಿದ ಸೂಪನ್ನು ಎರಡು ಊಟಗಳ ನಡುವೆ, ಸಂಜೆ ಐದರ ಹೊತ್ತಿಗೆ ಕೊಡುವುದು ಉಚಿತ.

ಉಪ್ಪಿನ ಮಾತು

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಪ್ರಕಾರ ವಯಸ್ಕರು ದಿನಕ್ಕೆ ಸೇವಿಸುವ ಒಟ್ಟು ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಬೇಕು, ಎಂದರೆ ಒಂದು ಟೀ ಚಮಚಕ್ಕೂ ಒಳಗೆ. ಮೇಲಿನ ಅಳತೆಯಲ್ಲಿ ಒಂದು ಬಟ್ಟಲಿಗೆ ಸುಮಾರು ಒಂದು ಗ್ರಾಂ ಬೀಳುತ್ತದೆ. ರಕ್ತದೊತ್ತಡವಿರುವವರು ಅದನ್ನೂ ಅರ್ಧಕ್ಕಿಳಿಸಿ, ನಿಂಬೆ-ಮೆಣಸುಗಳಿಂದ ರುಚಿ ತಂದುಕೊಳ್ಳಬಹುದು. ಪುಡಿಯ ಸೂಪಿನ ಪೊಟ್ಟಣವನ್ನು ಕೊಳ್ಳುವಾಗ ಅದರ ಮೇಲೆ ಬರೆದ ಸೋಡಿಯಂ ಪ್ರಮಾಣವನ್ನು ಓದಿ ಎರಡೂವರೆಯಿಂದ ಗುಣಿಸಬೇಕು. ಬರುವ ಅಂಕಿಯೇ ಉಪ್ಪಿನ ತೂಕ. 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಎರಡು ಗ್ರಾಂ ಉಪ್ಪು ಎಂದರ್ಥ. ಈ ಸಣ್ಣ ಗುಣಾಕಾರವನ್ನು ಮಾಡಿನೋಡಿದವರು ಪೊಟ್ಟಣವನ್ನು ಮರಳಿ ಕಪಾಟಿನಲ್ಲಿಡುವ ಸಂಭವವೇ ಹೆಚ್ಚು.

ಮರೆಯಬಾರದ ಎಚ್ಚರಿಕೆಗಳು

ಮೊದಲನೆಯದು ಸೋರೆಕಾಯಿಯದು. ಕಹಿಯಾದ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಸ್ತುವಿದ್ದು, ಅದು ತೀವ್ರ ವಾಂತಿ, ರಕ್ತವಾಂತಿ, ರಕ್ತದೊತ್ತಡದ ಕುಸಿತಗಳನ್ನು ಉಂಟುಮಾಡಬಲ್ಲುದು. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿಯಾದ ಸೋರೆಯ ರಸ ಕುಡಿದು ಮೃತಪಟ್ಟ ಬಳಿಕ ಈ ವಿಷಯ ದೇಶದ ಗಮನ ಸೆಳೆಯಿತು. ಬೇಯಿಸಿದರೆ ಈ ವಿಷ ಹೋಗುತ್ತದೆಂದು ನಂಬುವಂತಿಲ್ಲ. ಹೆಚ್ಚುವ ಮೊದಲು ಒಂದು ಚೂರನ್ನು ನಾಲಗೆಗೆ ತಗುಲಿಸಿ ನೋಡಿ, ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ಬಿಸಾಡಬೇಕು. 'ಆರೋಗ್ಯಕ್ಕೆ ಕಹಿ ಒಳ್ಳೆಯದು' ಎಂಬ ಮಾತು ಇಲ್ಲಿ ಪ್ರಾಣಾಂತಿಕ. ಹಾಗಲದ ಕಹಿ ಬೇರೆ, ಸೋರೆಯ ಕಹಿ ಬೇರೆ.

ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ತರಕಾರಿ ಬೆಂದ ನೀರಿನಲ್ಲಿರುವ ಪೊಟ್ಯಾಸಿಯಂ ಹೆಚ್ಚಾಗಿ ತೊಂದರೆಯಾಗಬಹುದು. ಅವರಿಗೆ ಸೂಪು 'ಎಲ್ಲರಿಗೂ ಒಳ್ಳೆಯದು' ಎಂಬ ನಿಯಮ ಸಲ್ಲದು; ವೈದ್ಯರನ್ನು ಕೇಳಿಯೇ ಕೊಡಬೇಕು. ಆಕ್ಸಲೇಟಿನ ಕಲ್ಲುಗಳಾದವರು ಪಾಲಕ್, ಹರಿವೆಗಳಲ್ಲಿ ಮಿತವಾಗಿರಬೇಕು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಮಾತ್ರೆ ಸೇವಿಸುವವರು, ಸೊಪ್ಪಿನಲ್ಲಿರುವ ಕೆ ಜೀವಸತ್ವ ಆ ಮಾತ್ರೆಯ ಪರಿಣಾಮವನ್ನು ಕುಗ್ಗಿಸುವುದರಿಂದ, ಸೊಪ್ಪಿನ ಪ್ರಮಾಣವನ್ನು ದಿಢೀರನೆ ಏರಿಸಬಾರದು. ಪಾರ್ಶ್ವವಾಯುವಿನಿಂದ ನುಂಗಲು ಕಷ್ಟಪಡುವವರಿಗೆ ತೆಳ್ಳನೆಯ ದ್ರವ ಶ್ವಾಸನಾಳಕ್ಕೆ ಇಳಿಯುವ ಭಯವಿದೆ. ಸೂಪು ಎಷ್ಟು ಮಂದವಾಗಿರಬೇಕೆಂಬುದನ್ನು ಚಿಕಿತ್ಸಕರು ನಿರ್ಧರಿಸಬೇಕು. ರೋಗಿಯನ್ನು ಮಲಗಿಸಿ ಕುಡಿಸಲೇಬಾರದು.

ಉಳಿದ ಸೂಪನ್ನು ಒಲೆಯ ಮೇಲೆಯೇ ಬೆಳಗಿನವರೆಗೆ ಬಿಡುವುದು ಅಪಾಯಕರ. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿನಲ್ಲಿಡಬೇಕು. ಬೇಕಾದಷ್ಟನ್ನೇ ತೆಗೆದು, ಚೆನ್ನಾಗಿ ಕುದಿಸಿ, ಎರಡು ದಿನದೊಳಗೆ ಮುಗಿಸಬೇಕು.

ಸೂಪು ಔಷಧವಲ್ಲ, ಪೂರ್ಣ ಊಟವೂ ಅಲ್ಲ. ಕುಂಡದ ಒಂದು ಹಿಡಿ ಸೊಪ್ಪು, ಡಬ್ಬಿಯ ಒಂದು ಹಿಡಿ ಬೇಳೆ, ಅರ್ಧ ಗಂಟೆಯ ಉರಿ ಇಷ್ಟರಿಂದ ಮನೆಯ ಮಗುವಿನಿಂದ ಮುದುಕರವರೆಗೆ ಒಂದೇ ಪಾತ್ರೆಯಿಂದ ಬಡಿಸಬಹುದಾದ, ಅವರವರ ಅವಶ್ಯಕತೆಗೆ ತಕ್ಕಂತೆ ತೆಳ್ಳಗೋ ಮಂದವೋ ಮಾಡಿಕೊಳ್ಳಬಹುದಾದ ಆಹಾರ ಅದು. 'ನನಗೇನೂ ಬೇಡ' ಎಂದ ಹಿರಿಯರ ಮುಂದೆ ಹಬೆಯಾಡುವ ಬಟ್ಟಲನ್ನಿಟ್ಟು, ಅವರು ಅದನ್ನು ಮುಗಿಸುವವರೆಗೆ ಪಕ್ಕದಲ್ಲಿ ಕುಳಿತುಕೊಳ್ಳುವವರೊಬ್ಬರು ಮನೆಯಲ್ಲಿದ್ದರೆ, ಆ ಬಟ್ಟಲಿನ ಬೆಲೆ ಇನ್ನಷ್ಟು ಹೆಚ್ಚುವುದು.